ಮಣ್ಣು ಬಾಚಲು ಹೊರಡುವ ಮುನ್ನ: ಚರ್ಚ್ ಯುವಜನರ ತಂಡ ಕಟ್ಟುವವರಿಗೆ

ಟಿವಿಯಲ್ಲಿ ಗುಡ್ಡ ಜಾರಿದ ದೃಶ್ಯ ಬಂದ ಸಂಜೆಯೇ ಯುವಜನರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾತು ಏಳುತ್ತದೆ. ‘ಬಟ್ಟೆ ಸೇರ್ಸೋಣ’, ‘ಒಂದು ಮೂಟೆ ಅಕ್ಕಿ ನಮ್ಮನೆಯಿಂದ’, ‘ನಾಳೆ ಬೆಳಿಗ್ಗೆನೇ ಗಾಡಿ ಮಾಡ್ಕೊಂಡು ಹೊರಟುಬಿಡೋಣ ಕಣ್ರೋ’. ಗುಂಪಿನ ಮುಂದಾಳಾದ ನಿಮಗೆ ಆ ಹುರುಪನ್ನು ತಡೆಯಲು ಮನಸ್ಸು ಬರುವುದಿಲ್ಲ, ಅದರ ಹಿಂದೆ ಓಡಲು ಧೈರ್ಯ ಸಾಲುವುದಿಲ್ಲ. ಎಲ್ಲಿಗೆ ಹೋಗಬೇಕು, ಯಾರನ್ನು ಕೇಳಬೇಕು, ಹುಡುಗರಿಗೆ ಏನಾದರೂ ಆದರೆ ಯಾರು ಹೊಣೆ ಎಂಬ ಪ್ರಶ್ನೆಗಳು ರಾತ್ರಿಯಿಡೀ ಕಾಡುತ್ತವೆ. ಭಾರತೀನಗರ, ಮದ್ದೂರು, ಮಳವಳ್ಳಿ ಕಡೆಯ ಧರ್ಮಕೇಂದ್ರಗಳಲ್ಲಿ, ಸಭೆಗಳಲ್ಲಿ ಯುವಜನರ ಹೊಣೆ ಹೊತ್ತವರಿಗಾಗಿ ಈ ಬರಹ.

ಕೊಡಗಿನ ಮಳೆಗೂ ನಮಗೂ ಇರುವ ನಂಟನ್ನು ನೆನೆದರೆ ಇದು ದೂರದ ಊರಿನ ಸಂಗತಿಯಲ್ಲ ಎಂದು ತಿಳಿಯುತ್ತದೆ. ಅಲ್ಲಿ ಮಳೆ ಹಿಡಿದರೆ ಕೆಆರ್‌ಎಸ್ ತುಂಬುತ್ತದೆ, ಕಟ್ಟೆ 124.80 ಅಡಿ ಮುಟ್ಟಿದರೆ ವಿ.ಸಿ. ನಾಲೆಯ ಕೊನೆ ಭಾಗದ ರೈತನೂ ನಾಟಿಯ ಲೆಕ್ಕ ಹಾಕುತ್ತಾನೆ. 2018ರ ಜುಲೈನಲ್ಲಿ ಕಟ್ಟೆ ತುಂಬಿತ್ತು. ಮರುತಿಂಗಳ ಮಧ್ಯದಲ್ಲಿ ಅದೇ ಮಳೆಗೆ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಮದೆನಾಡು, ಜೋಡುಪಾಲ ಕಡೆಯ ಗುಡ್ಡಗಳು ಕುಸಿದವು. ಮರುವರ್ಷ ವಿರಾಜಪೇಟೆ ತಾಲ್ಲೂಕಿನ ತೋರ, 2020ರ ಆಗಸ್ಟ್‌ನಲ್ಲಿ ತಲಕಾವೇರಿ. 2024ರ ಜುಲೈ 30ರ ಬೆಳಗಿನ ಜಾವ ಪಕ್ಕದ ವಯನಾಡಿನ ಮುಂಡಕ್ಕೈ, ಚೂರಲ್‌ಮಲ. ಮತ್ತೆ ಕರೆ ಬಂದೇ ಬರುತ್ತದೆ ಎಂದುಕೊಂಡೇ ನಾವು ಸಿದ್ಧರಾಗಬೇಕು.

ಚರ್ಚಿನವರಿಗೆ ಇಂಥ ಕೆಲಸ ಹೊಸದೂ ಅಲ್ಲ. ಇನ್ನೂರು ವರ್ಷಗಳ ಹಿಂದೆ ಶ್ರೀರಂಗಪಟ್ಟಣದ ಗಂಜಾಂನಲ್ಲಿದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಈ ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸುವ ಕೆಲಸಕ್ಕೆ ನಿಂತಿದ್ದರು. ಇವತ್ತು ಮಂಡ್ಯ, ಮೈಸೂರು, ಚಾಮರಾಜನಗರ, ಕೊಡಗು ನಾಲ್ಕೂ ಮೈಸೂರು ಕಥೋಲಿಕ ಧರ್ಮಪ್ರಾಂತ್ಯದೊಳಗೇ ಇವೆ. ಅಂದರೆ ಮಡಿಕೇರಿಯ ಧರ್ಮಕೇಂದ್ರ ಮದ್ದೂರಿನ ಕಥೋಲಿಕರಿಗೆ ಒಂದೇ ಮನೆಯ ಇನ್ನೊಂದು ಕೋಣೆ. ಈ ನಂಟನ್ನು ಬಳಸಿಕೊಳ್ಳಬೇಕು. ಹೇಗೆಂದು ಮುಂದೆ ಹೇಳುತ್ತೇನೆ.

ತಡವಾಗಿ ಹೋಗುವುದೇ ಏಕೆ ಒಳ್ಳೆಯದು

ನನ್ನ ಖಚಿತ ಅಭಿಪ್ರಾಯ ಇದು: ನಮ್ಮಂಥ ತಂಡ ಮೊದಲ ವಾರ ಹೋಗಬಾರದು, ಮೂರನೇ ವಾರದ ನಂತರ ಹೋಗಬೇಕು.

ಮೊದಲ ದಿನಗಳ ಕೆಲಸ ಜೀವ ಉಳಿಸುವುದು. ಎನ್‌ಡಿಆರ್‌ಎಫ್, ಎಸ್‌ಡಿಆರ್‌ಎಫ್, ಸೇನೆ, ಅಗ್ನಿಶಾಮಕ ದಳದವರಿಗೆ ಅದರ ತರಬೇತಿ ಇದೆ, ಹಗ್ಗ ಇದೆ, ಯಂತ್ರ ಇದೆ. ಒಂದೇ ಬದಿ ಉಳಿದಿರುವ ಘಾಟಿ ರಸ್ತೆಯಲ್ಲಿ ನಮ್ಮ ಟೆಂಪೊ ಟ್ರಾವೆಲರ್ ನಿಂತರೆ ಹಿಂದಿನ ಆಂಬುಲೆನ್ಸ್ ಕಾಯಬೇಕಾಗುತ್ತದೆ. ಎರಡನೇ ಹಂತ ಪರಿಹಾರ ಕೇಂದ್ರಗಳದ್ದು. ಆಗ ನಾಡಿನ ಮೂಲೆಮೂಲೆಯಿಂದ ಲಾರಿಗಳು ಬರುತ್ತವೆ. ಅಕ್ಕಿ, ಬಿಸ್ಕತ್ತು, ನೀರಿನ ಬಾಟಲಿ ರಾಶಿ ಬೀಳುತ್ತವೆ, ಅವನ್ನು ವಿಂಗಡಿಸಲು ಜನ ಸಾಲುವುದಿಲ್ಲ.

ಆಮೇಲೆ ಬರುವುದು ಯಾರೂ ನೋಡದ ಹಂತ. ಕ್ಯಾಮೆರಾಗಳು ಹೋಗಿರುತ್ತವೆ. ಪರಿಹಾರ ಕೇಂದ್ರ ನಡೆಯುತ್ತಿದ್ದ ಶಾಲೆ ಮತ್ತೆ ತೆರೆಯಬೇಕು, ಮನೆ ಉಳಿದವರು ಮನೆಗೆ ಹೋಗಬೇಕು. ಹೋಗಿ ನೋಡಿದರೆ ನಡುಮನೆಯಲ್ಲಿ ಮೊಣಕಾಲುದ್ದ ಕೆಸರು, ಬಾವಿಯಲ್ಲಿ ಕೆಂಪು ನೀರು, ಪಂಪ್‌ಸೆಟ್ ಹೂತುಹೋಗಿದೆ, ಪಹಣಿ, ಪಾಸ್‌ಬುಕ್ ಯಾವುದೂ ಇಲ್ಲ. ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಇರುವ ಮನೆಯಲ್ಲಿ ಆ ಕೆಸರನ್ನು ತೆಗೆಯುವವರು ಯಾರು?

ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಈ ಕೆಲಸ ಕೈವಶ. ಗದ್ದೆಯ ಕೆಸರು ತುಳಿದು ಬೆಳೆದವರು, ಗುದ್ದಲಿ ಸಲಿಕೆ ಹಿಡಿದವರು. ಮೋಟರ್ ಬಿಚ್ಚಿ ಕೂಡಿಸಬಲ್ಲವರು, ಕಾಲೇಜು ಬಿಟ್ಟ ಮೇಲೆ ವೈರಿಂಗ್ ಕಲಿತವರು ಪ್ರತಿ ಊರಲ್ಲೂ ಇಬ್ಬರು ಮೂವರು ಸಿಗುತ್ತಾರೆ. ಬೆಂಗಳೂರಿನಿಂದ ಹೋಗುವ ತಂಡಕ್ಕೆ ಇಲ್ಲದ ಬಲ ಇದು. ಮೂರನೇ ವಾರಕ್ಕೆ ಇನ್ನೂ ಒಂದು ಲಾಭವಿದೆ, ಸಿದ್ಧತೆಗೆ ನಿಮಗೆ ಹದಿನೈದಿಪ್ಪತ್ತು ದಿನ ಸಿಗುತ್ತದೆ.

ಹೊರಡುವ ಮುನ್ನ

1. ಕರೆಯಿಸಿಕೊಂಡು ಹೋಗಿ. ಅಲ್ಲಿನ ಒಬ್ಬರು ‘ಬನ್ನಿ, ಇಂಥ ಕಡೆ ಇಂಥ ಕೆಲಸ ಇದೆ’ ಎನ್ನುವವರೆಗೆ ಗಾಡಿ ಹತ್ತಬೇಡಿ. ಕಥೋಲಿಕರಾದರೆ ನಿಮ್ಮ ಫಾದರ್ ಮೂಲಕ ಅಲ್ಲಿನ ಧರ್ಮಕೇಂದ್ರವನ್ನೂ, ಧರ್ಮಪ್ರಾಂತ್ಯದ ಸಮಾಜಸೇವಾ ಸಂಸ್ಥೆಯಾದ ಮೈಸೂರಿನ ಒಡಿಪಿಯನ್ನೂ ಕೇಳಿ. ಬೇರೆ ಸಭೆಗಳವರು ಸಭಾಪಾಲಕರ ಮೂಲಕ ತಮ್ಮ ಮೇಲ್ಮಂಡಳಿಯನ್ನು ಕೇಳಬಹುದು. ವಿಪತ್ತು ಪರಿಹಾರದಲ್ಲಿ ಕಾಸಾ, ಕಾರಿತಾಸ್ ಇಂಡಿಯಾದಂಥ ಸಂಸ್ಥೆಗಳಿಗೆ ದಶಕಗಳ ಅನುಭವವಿದೆ. ಜೊತೆಗೆ ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲೆಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ತಂಡದ ಹೆಸರು ಪಟ್ಟಿ, ಗಾಡಿ ನಂಬರ್, ಬರುವ ಹೋಗುವ ದಿನ ಬರೆದ ಒಂದು ಪತ್ರ ಸಾಕು. ಅದರ ನಕಲು ನಿಮ್ಮ ಜೇಬಿನಲ್ಲಿರಲಿ.

2. ತಂಡ ಚಿಕ್ಕದಿರಲಿ. ಒಂದು ಟೆಂಪೊ ಟ್ರಾವೆಲರ್‌ನಲ್ಲಿ ಹಿಡಿಸುವಷ್ಟು ಜನ ಸಾಕು. ಹೆಣ್ಣುಮಕ್ಕಳಿದ್ದರೆ ಮುಂದಾಳುಗಳಲ್ಲಿ ಒಬ್ಬರು ಹೆಂಗಸಾಗಿರಬೇಕು. ಹದಿನೆಂಟು ತುಂಬದವರು ಬೇಡ. ಪಿಯುಸಿ ಹುಡುಗರು ಬೇಸರಪಟ್ಟುಕೊಂಡಾರು. ಊರಲ್ಲಿ ಹಣ, ಸಾಮಾನು ಸೇರಿಸುವ, ಲೆಕ್ಕ ಬರೆಯುವ, ತಂಡದ ಮನೆಯವರಿಗೆ ದಿನವೂ ಸುದ್ದಿ ಮುಟ್ಟಿಸುವ ಕೆಲಸವನ್ನು ಅವರ ಕೈಗೆ ಕೊಡಿ.

3. ಮನೆಯವರನ್ನು ಎದುರಿಗೆ ಕೂರಿಸಿ ಮಾತಾಡಿ. ಹುಡುಗ ಮೇಜರ್ ಆಗಿದ್ದರೂ ತಾಯಿ ತಂದೆಗೆ ಎಲ್ಲಿ ಮಲಗುತ್ತಾರೆ, ಯಾವ ಕೆಲಸ ಮಾಡುತ್ತಾರೆ, ಯಾವ ಕೆಲಸ ಮಾಡುವುದಿಲ್ಲ ಎಂದು ಹೇಳಿ ಒಪ್ಪಿಗೆ ಪತ್ರ ಪಡೆಯಿರಿ. ಉಬ್ಬಸ, ಫಿಟ್ಸ್, ಸಕ್ಕರೆ ಕಾಯಿಲೆ, ಯಾವುದಾದರೂ ಔಷಧಿ ಒಗ್ಗದಿರುವುದು, ರಕ್ತದ ಗುಂಪು ಎಲ್ಲ ಬರೆದ ಪಟ್ಟಿಯ ಒಂದು ಪ್ರತಿ ನಿಮ್ಮಲ್ಲಿ, ಇನ್ನೊಂದು ಊರಿನ ಗುರುಗಳಲ್ಲಿ ಇರಲಿ.

4. ವಿಮೆ ನೋಡಿ. ಬ್ಯಾಂಕ್ ಖಾತೆ ಇರುವ 18ರಿಂದ 70 ವರ್ಷದವರಿಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷ ರೂಪಾಯಿಯ ಅಪಘಾತ ವಿಮೆ ಸಿಗುತ್ತದೆ. ಎಷ್ಟೋ ಮಂದಿಗೆ ತಮ್ಮ ಖಾತೆಯಲ್ಲಿ ಅದು ಇದೆಯೋ ಇಲ್ಲವೋ ಗೊತ್ತಿರುವುದಿಲ್ಲ. ಪಾಸ್‌ಬುಕ್ ತರಿಸಿ ನೋಡಿ.

5. ವೈದ್ಯರ ಬಳಿ ಹೋಗಿ. ಧನುರ್ವಾಯುವಿನ ಚುಚ್ಚುಮದ್ದು ಎಲ್ಲರಿಗೂ ಬೇಕು. ನೆರೆ ನೀರಿನಲ್ಲಿ ಇಲಿಯ ಮೂತ್ರ ಬೆರೆತಿರುವುದರಿಂದ ಗಾಯವಿರುವ ಕಾಲಿನ ಮೂಲಕ ಇಲಿ ಜ್ವರ ಅಂಟುತ್ತದೆ. 2018ರಲ್ಲಿ ಕೇರಳದಲ್ಲಿ ನೀರು ಇಳಿದ ಮೇಲೆ ಇದು ಹರಡಿತ್ತು, ಕೆಸರಿಗೆ ಇಳಿಯುವ ಸ್ವಯಂಸೇವಕರು ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳುವಂತೆ ಅಲ್ಲಿನ ಆರೋಗ್ಯ ಇಲಾಖೆ ಹೇಳಿತ್ತು. ನಿಮ್ಮ ತಂಡದಲ್ಲಿ ಯಾರು ತೆಗೆದುಕೊಳ್ಳಬಹುದು, ಯಾರು ಕೂಡದು ಎಂದು ವೈದ್ಯರೇ ಹೇಳಲಿ, ಔಷಧಿ ಅಂಗಡಿಯವರ ಮಾತಿಗೆ ನಿಲ್ಲಬೇಡಿ.

6. ಹಣ ಒಬ್ಬರ ಫೋನ್‌ಪೇಗೆ ಬೀಳುವುದು ಬೇಡ. ಚರ್ಚಿನ ಖಾತೆ, ರಸೀದಿ ಪುಸ್ತಕ, ಇಬ್ಬರ ಸಹಿ ಇರಲಿ. ಹೊರದೇಶದಿಂದ ಯಾರಾದರೂ ಹಣ ಕಳಿಸುತ್ತೇವೆಂದರೆ ಗುರುಗಳನ್ನು ಕೇಳದೆ ಹೂಂ ಅನ್ನಬೇಡಿ. ವಿದೇಶಿ ದೇಣಿಗೆ ಪಡೆಯಲು ಕಾನೂನಿನಂತೆ ನೋಂದಣಿ ಆಗಿರಬೇಕು.

ಏನು ಒಯ್ಯಬೇಕು

ಹಳೆ ಬಟ್ಟೆ ಬೇಡ. ಇದನ್ನು ಭಾನುವಾರ ಪೂಜೆ ಮುಗಿದ ಮೇಲೆ ಎಲ್ಲರ ಮುಂದೆ ಸ್ಪಷ್ಟವಾಗಿ ಹೇಳಿಬಿಡಿ. ಮಳೆಯ ಊರಿನಲ್ಲಿ ಹಳೆ ಬಟ್ಟೆಯ ರಾಶಿ ನೆನೆದು ಮುಗ್ಗಲು ಹಿಡಿಯುತ್ತದೆ, ಅದನ್ನು ಹೊರಹಾಕುವುದು ಪಂಚಾಯಿತಿಗೆ ಇನ್ನೊಂದು ಕೆಲಸವಾಗುತ್ತದೆ. ನಿನ್ನೆಯವರೆಗೆ ತೋಟ ಮಾಡಿಕೊಂಡು ಗೌರವದಿಂದ ಬದುಕಿದವರಿಗೆ ಯಾರೋ ಉಟ್ಟು ಬಿಟ್ಟಿದ್ದನ್ನು ಕೊಡುವುದು ನೋವಿನ ಸಂಗತಿಯೂ ಹೌದು. ಕೊಡುವುದಾದರೆ ಹೊಸದು: ಕಂಬಳಿ, ಒಳ ಉಡುಪು, ನೈಟಿ, ಪಂಚೆ, ಸ್ಯಾನಿಟರಿ ಪ್ಯಾಡ್. ಆಗಸ್ಟ್‌ನ ಮಡಿಕೇರಿ ಚಳಿ ನಮ್ಮ ಬಯಲು ಸೀಮೆಯವರ ಊಹೆಗೆ ಮೀರಿದ್ದು, ನಿಮ್ಮ ತಂಡಕ್ಕೂ ಸ್ವೆಟರ್ ಬೇಕು.

ರಾಗಿ ಹಿಟ್ಟನ್ನು ನಿಮ್ಮ ಅಡುಗೆಗೆ ಮಾತ್ರ ಒಯ್ಯಿರಿ, ಅಲ್ಲಿನವರ ಊಟ ಅನ್ನ, ಅಕ್ಕಿರೊಟ್ಟಿ, ಕಡಂಬುಟ್ಟು. ಮಿಕ್ಕ ದಿನಸಿಯನ್ನು ಕುಶಾಲನಗರ, ಸುಂಟಿಕೊಪ್ಪದ ಅಂಗಡಿಗಳಲ್ಲೇ ಕೊಳ್ಳಿ. ವ್ಯಾಪಾರವಿಲ್ಲದೆ ಕುಳಿತ ಅಂಗಡಿಯವನೂ ಸಂತ್ರಸ್ತನೇ.

ಸಲಕರಣೆಗಳು: ಗುದ್ದಲಿ, ಸಲಿಕೆ, ಹಾರೆ, ಪಿಕಾಸಿ, ಬಾಂಡ್ಲಿ, ಗೋಣಿಚೀಲ, ಹಗ್ಗ, ಟಾರ್ಪಾಲು, ಉದ್ದ ಪೈಪು, ತಲೆಗೆ ಕಟ್ಟುವ ಟಾರ್ಚ್. ಒಬ್ಬೊಬ್ಬರಿಗೂ ಮೊಣಕಾಲವರೆಗಿನ ಗಂಬೂಟು, ದಪ್ಪ ಕೈಗವಸು. ಚಪ್ಪಲಿಯಲ್ಲಿ ಬಂದವರನ್ನು ಕೆಸರಿಗೆ ಇಳಿಸಬೇಡಿ. ಒಳಗೆ ಮೊಳೆ, ಗಾಜು, ತಗಡು, ಹಾವು ಏನು ಬೇಕಾದರೂ ಇರಬಹುದು. ಜಿಗಣೆಗೆ ಉಪ್ಪಿನ ಪೊಟ್ಟಣ ಜೇಬಿನಲ್ಲಿರಲಿ.

ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರದ ಮೇಲೆ ಮಡಿಕೇರಿ ಸುಮಾರು 120 ಕಿ.ಮೀ. ಮಳೆಗಾಲದಲ್ಲಿ ಕೊಡಗಿನಲ್ಲಿ ಭಾರಿ ವಾಹನಗಳಿಗೆ ಆಗಾಗ ನಿರ್ಬಂಧ ಹಾಕುತ್ತಾರೆ, ಆದ್ದರಿಂದ ಲಾರಿಯ ಯೋಚನೆ ಬಿಡಿ. ಕತ್ತಲಾಗುವ ಮೊದಲು ಮಲಗುವ ಜಾಗ ತಲುಪುವಂತೆ ಬೆಳಿಗ್ಗೆಯೇ ಹೊರಡಿ.

ಮನೆಯ ಕೆಸರು ತೆಗೆಯುವಾಗ

ಮೊದಲ ಪ್ರಶ್ನೆ: ‘ಮಹಜರು ಆಗಿದೆಯಾ ಅಮ್ಮ?’ ಮನೆ ಹಾನಿಯ ಪರಿಹಾರ ಸಿಗುವುದು ಕಂದಾಯ ಇಲಾಖೆಯವರು ಬಂದು ನೋಡಿ ಬರೆದುಕೊಂಡ ಮೇಲೆ. ಅದಕ್ಕೆ ಮುಂಚೆ ನೀವು ಮನೆಯನ್ನು ಥಳಥಳ ತೊಳೆದಿಟ್ಟರೆ ಆ ಸಂಸಾರಕ್ಕೆ ಬರಬೇಕಾದ ಹಣ ಕಡಿಮೆಯಾದೀತು. ಆಗಿಲ್ಲವೆಂದರೆ ಗ್ರಾಮ ಆಡಳಿತಾಧಿಕಾರಿಗೆ ಫೋನ್ ಮಾಡಿಸಿ, ಮನೆಯವರ ಫೋನಿನಲ್ಲೇ ಗೋಡೆಯ ನೀರಿನ ಗೆರೆ, ಬಿರುಕು, ಹಾಳಾದ ಸಾಮಾನು ಎಲ್ಲದರ ಫೋಟೊ ತೆಗೆಸಿ, ಕಾಯಿರಿ. ಸುಮ್ಮನೆ ಕೂರಬೇಕಲ್ಲ ಎಂದು ಹುಡುಗರು ಚಡಪಡಿಸುತ್ತಾರೆ. ಅಂಗಳದ ಕೆಲಸ ಕೊಡಿ.

ಎರಡನೆಯದು ಕರೆಂಟ್. ಮಂಡ್ಯಕ್ಕೂ ಕೊಡಗಿಗೂ ಒಂದೇ ಸೆಸ್ಕ್. ಲೈನ್‌ಮನ್ ಬಂದು ನೋಡಿ ಹೇಳುವವರೆಗೆ ಮೇನ್ ಸ್ವಿಚ್ ಮುಟ್ಟಬೇಡಿ. ಯುಪಿಎಸ್ ಇದ್ದರೆ ಕರೆಂಟ್ ಇಲ್ಲದಿದ್ದರೂ ತಂತಿಯಲ್ಲಿ ವಿದ್ಯುತ್ ಇರಬಹುದು ಎಂಬುದನ್ನು ಮರೆಯಬೇಡಿ. ನಿಮ್ಮ ವೈರಿಂಗ್ ಹುಡುಗನ ಕೈಚಳಕ ಲೈನ್‌ಮನ್ ಬಂದ ಮೇಲೆ ಬೇಕಾಗುತ್ತದೆ.

ಕೆಲಸ ಬಾಗಿಲಿನಿಂದ ಒಳಕ್ಕೆ ಸಾಗಲಿ, ಹೊರಗೆ ಓಡುವ ದಾರಿ ಯಾವಾಗಲೂ ತೆರೆದಿರಬೇಕು. ಗೋಡೆ ವಾಲಿದ್ದರೆ, ಬಿರುಕಿನೊಳಗೆ ಬೆರಳು ಹೋಗುವಂತಿದ್ದರೆ ಆ ಮನೆಯೊಳಗೆ ಕಾಲಿಡಬೇಡಿ. ತೆಗೆದ ಮಣ್ಣನ್ನು ಎಲ್ಲಿ ಹಾಕಬೇಕೆಂದು ಮೊದಲೇ ಕೇಳಿಕೊಳ್ಳಿ. ಚರಂಡಿಗೆ, ಪಕ್ಕದವರ ಕಾಫಿ ಗಿಡದ ಬುಡಕ್ಕೆ ಸುರಿದರೆ ನಾಳೆ ಜಗಳ. ಕೆಸರಿನಲ್ಲಿ ಸಿಗುವ ಒಂದೊಂದು ವಸ್ತುವನ್ನೂ, ಅದು ಮುರಿದ ಬಾಚಣಿಗೆಯೇ ಆಗಲಿ, ಒಂದು ಬಾಂಡ್ಲಿಯಲ್ಲಿ ಹಾಕಿ ಮನೆಯವರ ಮುಂದಿಡಿ. ಎಸೆಯುವುದನ್ನು ಅವರೇ ಹೇಳಲಿ. ನೆನೆದ ಫೋಟೊ, ಪತ್ರಗಳನ್ನು ಬಿಸಿಲಿಗೆ ಇಡದೆ ನೆರಳಲ್ಲಿ ಬಟ್ಟೆಯ ಮೇಲೆ ಹರಡಿ.

ಬಾವಿ

ಬಾವಿ ಶುದ್ಧ ಮಾಡುವ ಕೆಲಸವನ್ನು ಆಶಾ ಕಾರ್ಯಕರ್ತೆ ಅಥವಾ ಆರೋಗ್ಯ ಇಲಾಖೆಯವರ ಜೊತೆಗೇ ಮಾಡಿ. ತಿಳಿದಿರಬೇಕಾದ ಲೆಕ್ಕ ಇಷ್ಟು.

1. ಕೆಸರು ನೀರನ್ನು ಪಂಪಿನಿಂದ ನಿಧಾನವಾಗಿ ತೆಗೆಯಿರಿ. ಸುತ್ತಲ ನೆಲ ನೀರು ಕುಡಿದಿರುವಾಗ ಬಾವಿಯನ್ನು ಒಮ್ಮೆಲೇ ಬರಿದು ಮಾಡಿದರೆ ದಡ ಒಳಕ್ಕೆ ಕುಸಿಯಬಹುದು.

2. ಬಾವಿಯ ಅಗಲವನ್ನೂ ನೀರಿನ ಆಳವನ್ನೂ ಮೀಟರ್‌ನಲ್ಲಿ ಅಳೆಯಿರಿ. ಅಗಲವನ್ನು ಅಗಲದಿಂದಲೇ ಗುಣಿಸಿ, ಆಳದಿಂದ ಗುಣಿಸಿ, ಮತ್ತೆ 785ರಿಂದ ಗುಣಿಸಿದರೆ ನೀರು ಎಷ್ಟು ಲೀಟರ್ ಎಂದು ಸಿಗುತ್ತದೆ. 2 ಮೀಟರ್ ಅಗಲ, 3 ಮೀಟರ್ ನೀರಿದ್ದರೆ 9,420 ಲೀಟರ್.

3. ಸಾವಿರ ಲೀಟರಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ ಸುಮಾರು 2.5 ಗ್ರಾಂ ಎಂಬುದು ಸಾಮಾನ್ಯ ಲೆಕ್ಕ. ಮೇಲಿನ ಬಾವಿಗೆ 24 ಗ್ರಾಂ ಆಯಿತು. ನೆರೆ ಹೊಕ್ಕ ಬಾವಿಗೆ ಹೆಚ್ಚು ಬೇಕಾಗುತ್ತದೆ, ಎಷ್ಟೆಂದು ಆರೋಗ್ಯ ಇಲಾಖೆಯವರು ಹೇಳುತ್ತಾರೆ.

4. ಪುಡಿಯನ್ನು ಬಕೆಟ್‌ನಲ್ಲಿ ಸ್ವಲ್ಪ ನೀರಿಗೆ ಕಲಸಿ, ಮತ್ತಷ್ಟು ನೀರು ಹಾಕಿ ತಿರುವಿ, ಸುಣ್ಣ ತಳ ಕೂರಲು ಐದು ಹತ್ತು ನಿಮಿಷ ಬಿಡಿ. ಮೇಲಿನ ತಿಳಿಯನ್ನು ಬೇರೆ ಬಕೆಟ್‌ಗೆ ಬಗ್ಗಿಸಿ, ಅದನ್ನು ಹಗ್ಗ ಕಟ್ಟಿ ಬಾವಿಗೆ ಇಳಿಸಿ ಮೇಲೆ ಕೆಳಗೆ ಆಡಿಸಿ. ತಳದ ಸುಣ್ಣ ಬಾವಿಗೆ ಬೇಡ.

5. ಒಂದು ಗಂಟೆ ಬಿಟ್ಟು ಪರೀಕ್ಷಿಸಿದರೆ ಲೀಟರಿಗೆ 0.5 ಮಿಲಿಗ್ರಾಂನಷ್ಟು ಕ್ಲೋರಿನ್ ಉಳಿದಿರಬೇಕು. ಇಲ್ಲವಾದರೆ ಮತ್ತೆ ಹಾಕಬೇಕು. ಹಾಗಾದ ಮೇಲೂ ಕುಡಿಯುವ ನೀರನ್ನು ಕುದಿಸಲು ಹೇಳಿ.

ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಬೇಡಿ, ಬಾವಿಗೆ ಯಾರೂ ಇಳಿಯಬೇಡಿ. ಕೆಳಗೆ ಹೊಗೆಯ ವಿಷಗಾಳಿ ತುಂಬಿಕೊಂಡು ಇಳಿದವರು ಸತ್ತ, ಕಾಪಾಡಲು ಹೋದವರೂ ಸತ್ತ ಸುದ್ದಿಗಳನ್ನು ನಮ್ಮ ಹಳ್ಳಿಗಳಲ್ಲೇ ಕೇಳಿದ್ದೇವೆ. ಬ್ಲೀಚಿಂಗ್ ಪೌಡರನ್ನು ಕಕ್ಕಸು ತೊಳೆಯುವ ಆ್ಯಸಿಡ್ ಜೊತೆ ಬೆರೆಸಲೇಬೇಡಿ.

ಕಾಗದ ಪತ್ರ, ಲೈನ್ ಮನೆ

ಗುದ್ದಲಿ ಹಿಡಿಯಲಾಗದವರು ತಂಡದಲ್ಲಿದ್ದರೆ ಅವರಿಗೆ ದೊಡ್ಡ ಕೆಲಸ ಕಾದಿದೆ. ಆಧಾರ್, ಪಡಿತರ ಚೀಟಿ, ಪಹಣಿ, ಪಾಸ್‌ಬುಕ್ ಕಳೆದುಕೊಂಡವರ ಜೊತೆ ಕೂತು ಅರ್ಜಿ ಬರೆಯುವುದು, ನಾಡಕಚೇರಿಗೆ ಜೊತೆಯಾಗಿ ಹೋಗುವುದು. ಬಿ.ಕಾಂ. ಓದುವ ಹುಡುಗಿಯೊಬ್ಬಳು ಇಡೀ ದಿನ ಇದನ್ನೇ ಮಾಡಿದರೆ ಕೆಸರು ತೆಗೆದಷ್ಟೇ ಉಪಕಾರ.

ಅದರಲ್ಲೂ ಲೈನ್ ಮನೆಗಳನ್ನು ಹುಡುಕಿಕೊಂಡು ಹೋಗಿ. ಕಾಫಿ ತೋಟದ ಕೂಲಿಯವರು, ಯರವರು, ಹೊರ ಜಿಲ್ಲೆ, ಹೊರ ರಾಜ್ಯಗಳಿಂದ ಬಂದವರು ಇರುವ ಸಾಲುಮನೆಗಳು ಅವು. ಮನೆ ಅವರದಲ್ಲ, ಜಾಗ ಅವರದಲ್ಲ, ಹಾಗಾಗಿ ಹಾನಿಯ ಪಟ್ಟಿಯಲ್ಲಿ ಅವರ ಹೆಸರು ಸುಲಭಕ್ಕೆ ಬರುವುದಿಲ್ಲ. ಕಳೆದುಕೊಂಡ ಪಾತ್ರೆ, ಹಾಸಿಗೆ, ಕೂಲಿ ಯಾವ ಪತ್ರದಲ್ಲೂ ಇರುವುದಿಲ್ಲ. ಧರ್ಮಕೇಂದ್ರದ ಫಾದರ್‌ಗೆ, ಸಿಸ್ಟರ್‌ಗಳಿಗೆ, ಅಂಗನವಾಡಿ ಕಾರ್ಯಕರ್ತೆಗೆ ಇವರು ಎಲ್ಲಿದ್ದಾರೆಂದು ಗೊತ್ತಿರುತ್ತದೆ. ನಿಮ್ಮ ಸಮಯದ ದೊಡ್ಡ ಪಾಲನ್ನು ಇವರಿಗೆ ಕೊಡಿ ಎಂದು ಕೈಮುಗಿದು ಕೇಳುತ್ತೇನೆ.

ಎಚ್ಚರಿಕೆ

ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಡುವುದೆಂದರೆ ಸಾಮಾನ್ಯವಾಗಿ ದಿನಕ್ಕೆ 204 ಮಿ.ಮೀ.ಗಿಂತ ಹೆಚ್ಚು ಮಳೆಯ ಮುನ್ಸೂಚನೆ. ಆರೆಂಜ್ ಅಲರ್ಟ್ ಇದ್ದ ದಿನವೇ ಇಳಿಜಾರಿನ ಕೆಲಸ ನಿಲ್ಲಿಸಿ. ನೆಲದಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ಕಂಬ, ತೊರೆಯ ನೀರು ಇದ್ದಕ್ಕಿದ್ದಂತೆ ಕೆಂಪಾಗುವುದು ಇಲ್ಲವೇ ಕಡಿಮೆಯಾಗುವುದು, ಗುಡ್ಡದ ಕಡೆಯಿಂದ ಗುಡುಗಿನಂಥ ಸದ್ದು, ಇವುಗಳಲ್ಲಿ ಒಂದು ಕಂಡರೂ ಸಲಿಕೆ ಅಲ್ಲೇ ಬಿಟ್ಟು ಅಡ್ಡಕ್ಕೆ ಓಡಬೇಕು, ಇಳಿಜಾರಿನ ಕೆಳಕ್ಕಲ್ಲ. ಇದನ್ನು ಮೊದಲ ಬೆಳಿಗ್ಗೆಯೇ ಎಲ್ಲರಿಗೂ ಹೇಳಿ, ಒಂದು ಸೀಟಿ ಇಟ್ಟುಕೊಳ್ಳಿ. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077, ತುರ್ತಿಗೆ 112 ಎಲ್ಲರ ಫೋನಿನಲ್ಲೂ ಇರಲಿ. ತೋಟಗಳೊಳಗೆ ಸಿಗ್ನಲ್ ಸಿಗದಿರಬಹುದು, ಆದ್ದರಿಂದ ಜೋಡಿ ಬಿಟ್ಟು ಯಾರೂ ಒಂಟಿಯಾಗಿ ಹೋಗಬಾರದು.

ಗುಡ್ಡ ಮತ್ತೆ ಜಾರುತ್ತದಂತೆ, ಅಣೆಕಟ್ಟು ಒಡೆಯುತ್ತದಂತೆ ಎಂಬ ಸುದ್ದಿಯನ್ನು ಯಾರೂ ಫಾರ್ವರ್ಡ್ ಮಾಡಕೂಡದು. ಗಾಬರಿ ಹುಟ್ಟಿಸುವ ಸುಳ್ಳು ಎಚ್ಚರಿಕೆಗೆ 2005ರ ಕಾಯ್ದೆಯ 54ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಜೈಲು ಶಿಕ್ಷೆ ಇದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಸಾಂತ್ವನದ ಮಾತಿನಲ್ಲಿ ಆಗುವ ತಪ್ಪೇ ಹೆಚ್ಚು. ‘ಜೀವ ಉಳೀತಲ್ಲ ಬಿಡಿ’, ‘ಎಲ್ಲಾ ದೇವರ ಚಿತ್ತ’, ‘ಅಳಬೇಡಿ’ ಎನ್ನಬೇಡಿ. ತೋಟದ ಜೊತೆ ಅಪ್ಪನ ಸಮಾಧಿಯನ್ನೂ ಕಳೆದುಕೊಂಡವರಿಗೆ ಈ ಮಾತು ಕಿವಿಗೆ ಬಿದ್ದರೆ ಹೇಗಾದೀತು? ಪಕ್ಕದಲ್ಲಿ ಕೂತು ಕೇಳಿಸಿಕೊಂಡರೆ ಸಾಕು. ಅವರಾಗಿ ಹೇಳದ ಹೊರತು ‘ಆ ರಾತ್ರಿ ಏನಾಯ್ತು’ ಎಂದು ಕೆದಕಬೇಡಿ. ನಿದ್ದೆಯಿಲ್ಲ, ಊಟ ಸೇರುವುದಿಲ್ಲ ಎನ್ನುವವರಿಗೆ ಟೆಲಿ ಮಾನಸ್‌ನ 14416 ತಿಳಿಸಿ, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ವಾಪಸ್ ಬಂದ ಮೇಲೆ ನಿಮ್ಮ ಹುಡುಗರಲ್ಲೇ ಯಾರಿಗಾದರೂ ಅದು ಬೇಕಾಗಬಹುದು.

ಮಾತು ಕೊಡುವುದು ಎರಡನೆಯ ತಪ್ಪು. ‘ನಾವು ಮನೆ ಕಟ್ಟಿಸಿಕೊಡ್ತೀವಿ ಅಜ್ಜಿ’ ಎಂದು ಮರುಕದಲ್ಲಿ ಬಾಯಿಗೆ ಬಂದುಬಿಡುತ್ತದೆ. ಜಂಬೂರು, ಕರ್ಣಂಗೇರಿ, ಮದೆನಾಡಿನಲ್ಲಿ 2018ರ ಸಂತ್ರಸ್ತರಿಗೆ ಮನೆಗಳೆದ್ದದ್ದು ಸರ್ಕಾರ ಮತ್ತು ದೊಡ್ಡ ಸಂಸ್ಥೆಗಳ ಕೆಲಸದಿಂದ, ಅದಕ್ಕೂ ತಿಂಗಳುಗಟ್ಟಲೆ ಕಾಯಬೇಕಾಯಿತು.

ಫೋಟೊ. ಅಳುವವರದ್ದು, ಮಕ್ಕಳದ್ದು, ಕೈಚಾಚಿ ಪಡೆಯುವವರದ್ದು ತೆಗೆಯಬಾರದು. ಹುಡುಗರು ತಮ್ಮದೇ ಕೆಸರುಮೈಯ ಫೋಟೊ ತೆಗೆದುಕೊಂಡರೆ ಅಡ್ಡಿಯಿಲ್ಲ.

ಧರ್ಮದ ವಿಷಯದಲ್ಲಿ ಬಹಳ ಎಚ್ಚರ ಬೇಕು. ರೆಡ್ ಕ್ರಾಸ್ ಮತ್ತಿತರ ಸಂಸ್ಥೆಗಳು 1994ರಲ್ಲಿ ಒಪ್ಪಿದ ಪರಿಹಾರ ಕಾರ್ಯದ ನೀತಿಸಂಹಿತೆಯಲ್ಲಿ, ನೆರವನ್ನು ಯಾವ ಧಾರ್ಮಿಕ ಇಲ್ಲವೇ ರಾಜಕೀಯ ನಿಲುವಿನ ಪ್ರಚಾರಕ್ಕೂ ಬಳಸಬಾರದೆಂದಿದೆ. ಕರಪತ್ರ, ಸುವಾರ್ತೆ ಪುಸ್ತಕ, ಬ್ಯಾನರ್ ಒಯ್ಯಬೇಡಿ. ಬೆಳಿಗ್ಗೆ ತಂಗುವ ಜಾಗದಲ್ಲಿ ನಿಮ್ಮ ಪ್ರಾರ್ಥನೆ ಮಾಡಿಕೊಂಡು ಕೆಲಸಕ್ಕೆ ಹೋಗಿ. ಯಾರಾದರೂ ತಾವಾಗಿ ‘ನಮಗೋಸ್ಕರ ಪ್ರಾರ್ಥನೆ ಮಾಡ್ರಪ್ಪ’ ಎಂದರೆ ಮಾಡಿ. ದೇವಸ್ಥಾನದ ಅಂಗಳದ ಕೆಸರು ತೆಗೆಯಲು ಕರೆದರೆ ಅದೇ ಮನಸ್ಸಿನಿಂದ ಹೋಗಿ, ದೇವರಕಾಡು, ಕೊಡವ ಕುಟುಂಬಗಳ ಮೂಲಮನೆಯಾದ ಐನ್‌ಮನೆಯೊಳಗೆ ಕಾಲಿಡುವ ಮುನ್ನ ಅಲ್ಲಿನ ಪದ್ಧತಿ ಕೇಳಿಕೊಳ್ಳಿ. ಬಿಸಿ ಅನ್ನ ಕೊಟ್ಟು ದೇವರ ಹೆಸರಿನಲ್ಲಿ ಏನನ್ನಾದರೂ ಬೇಡುವುದು ನಮ್ಮ ನಂಬಿಕೆಗೇ ಅವಮಾನ ಎಂದು ನಾನು ತಿಳಿದಿದ್ದೇನೆ.

ಇನ್ನೊಂದು, ಸಂಜೆ ಬಿಡುವಿನಲ್ಲಿ ರಾಜಾಸೀಟ್, ಅಬ್ಬಿ ಜಲಪಾತ ನೋಡಿಬರೋಣ ಎನ್ನುವುದು. ಈ ಪಯಣದಲ್ಲಿ ಅದು ಬೇಡ.

ವಾಪಸ್ ಬಂದ ಮೇಲೆ

ಸಲಕರಣೆಗಳನ್ನು ಅಲ್ಲಿನ ಧರ್ಮಕೇಂದ್ರಕ್ಕೇ ಬಿಟ್ಟು ಬನ್ನಿ, ಅವರಿಗೆ ಇನ್ನೂ ತಿಂಗಳುಗಟ್ಟಲೆ ಬೇಕಾಗುತ್ತವೆ. ಬಂದವರಿಗೆ ಎರಡು ಮೂರು ವಾರದೊಳಗೆ ಜ್ವರ, ಮೈಕೈ ನೋವು, ಕಣ್ಣು ಕೆಂಪಾದರೆ ಅದೇ ದಿನ ಆಸ್ಪತ್ರೆಗೆ ಕಳಿಸಿ, ‘ನೆರೆಯ ಕೆಸರಿನಲ್ಲಿ ಕೆಲಸ ಮಾಡಿದ್ದೆ’ ಎಂದು ವೈದ್ಯರಿಗೆ ಹೇಳಿಸಿ.

ಲೆಕ್ಕವನ್ನು ಮುಂದಿನ ಭಾನುವಾರವೇ ಚರ್ಚಿನ ನೋಟಿಸ್ ಬೋರ್ಡಿಗೆ ಹಾಕಿ, ಡೀಸೆಲ್, ಊಟ, ಚಾಲಕನ ಭತ್ಯೆ, ಉಳಿದ ಹಣ ಎಲ್ಲವೂ ಇರಲಿ. ಉಳಿದ ಹಣವನ್ನು ಅಲ್ಲಿ ಅರ್ಜಿ ಬರೆದುಕೊಟ್ಟ ಸಂಸಾರಗಳ ಓಡಾಟದ ಖರ್ಚಿಗೆಂದು ಅಲ್ಲಿನ ಗುರುಗಳಿಗೆ ಕಳಿಸಬಹುದು.

ನೀವು ಬರೆದುಕೊಟ್ಟ ಅರ್ಜಿಗಳ ಪಟ್ಟಿಯನ್ನು ಇಬ್ಬರಿಗೆ ಹಂಚಿ, ತಿಂಗಳಿಗೊಮ್ಮೆ ಆ ಮನೆಗಳಿಗೆ ಫೋನ್ ಮಾಡಿಸಿ. ಎರಡನೇ ಸಲ ಹೋಗುವುದಾದರೆ ಜನವರಿ ಒಳ್ಳೆಯದು. ಮಳೆ ನಿಂತಿರುತ್ತದೆ, ಕಾಫಿ ಕೊಯ್ಲು ನಡೆಯುತ್ತಿರುತ್ತದೆ, ಲೈನ್ ಮನೆಗಳಿಗೆ ಜನ ಮರಳಿರುತ್ತಾರೆ. ಪರಿಹಾರ ಬಾರದವರು ಯಾರೆಂದು ಅಷ್ಟು ಹೊತ್ತಿಗೆ ನಿಮ್ಮ ಪಟ್ಟಿಯೇ ಹೇಳುತ್ತದೆ, ಅವರ ಜೊತೆ ತಾಲ್ಲೂಕು ಕಚೇರಿಗೆ ಹೋಗಲು ಮೂರ್ನಾಲ್ಕು ಜನ ಸಾಕು.